ಖಾಲಿ ಜಾಗದಲ್ಲೊಂದು ಕೆಂಪು ಪಿನ್ನು

ನನ್ನ ಸೋದರಮಾವ ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವವನು. ಊರಿನ ಒಂದೊಂದು ಓಣಿಯೂ ಅವನ ಕೈಯಲ್ಲಿ ಗೆರೆಯಾಗಿದೆ, ಆದರೆ ಸ್ವಂತಕ್ಕೊಂದು ಮನೆಯಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು, ಮಂಚದ ಕೆಳಗೆ ಸುತ್ತಿಟ್ಟ ಹಳೆಯ ನಕ್ಷೆಗಳು. ಮಕ್ಕಳು ಊಟಕ್ಕೆ ಕೂತರೆ ಮಾವ ಬಾಗಿಲಾಚೆ ನಿಲ್ಲಬೇಕು. ಇಡೀ ಊರಿಗೆ ಜಾಗ ತೋರಿಸುವ ಮಹಾರಾಯನಿಗೆ ಕಾಲು ಚಾಚಲು ಜಾಗವಿಲ್ಲ ಎಂದು ಅಮ್ಮ ಅವನನ್ನು ಛೇಡಿಸುತ್ತಿದ್ದಳು.

ಜನ ಹೆಚ್ಚಾಗಿ ಹೊಸ ಬಡಾವಣೆ ಬೇಕಾಯಿತು. ಅದರಲ್ಲೊಂದು ಮನೆ ಸಿಗಬಹುದೆಂಬ ಆಸೆ ಮಾವನಿಗೂ ಇತ್ತು. ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಅಧಿಕಾರಿಗಳು ತಲೆ ಕೆಡಿಸಿಕೊಂಡು, ಕೊನೆಗೆ ಊರವರನ್ನೇ ಕೇಳೋಣ ಎಂದರು. ಮಾವ ಬರೆದ ದೊಡ್ಡ ನಕ್ಷೆಯನ್ನು ಕಚೇರಿಯ ಗೋಡೆಗೆ ಹಾಕಿ, ಪಕ್ಕದಲ್ಲಿ ಎರಡು ಡಬ್ಬಿ ಇಟ್ಟರು. ಒಂದರಲ್ಲಿ ಕೆಂಪು ಪಿನ್ನು, ಇನ್ನೊಂದರಲ್ಲಿ ಬಿಳಿ. ಮನೆಗಳು ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಜನ ಚುಚ್ಚಿ ತೋರಿಸಬೇಕು. ಬೆಳಿಗ್ಗೆ ಕೂತ ಎಂಜಿನಿಯರು, ಕೆಂಪೆಂದರೆ ಬೇಕು ಎಂದು ಬಂದವರಿಗೆಲ್ಲ ಹೇಳಿಕೊಟ್ಟರು. ಮಧ್ಯಾಹ್ನ ಕೂತ ಮೇಲಧಿಕಾರಿ, ಕೆಂಪೆಂದರೆ ಬೇಡ ಎಂದರು. ಕೆಂಪು ದೀಪ ಕಂಡರೆ ಗಾಡಿ ನಿಲ್ಲುವುದಿಲ್ಲವೇ ಎಂಬುದು ಅವರ ವಾದ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಸಂಜೆಯ ಹೊತ್ತಿಗೆ ನಕ್ಷೆಗೆ ಸಿಡುಬು ಎದ್ದಂತಾಗಿತ್ತು. ಅದನ್ನು ಬಿಡಿಸಿ ಲೆಕ್ಕ ಹಾಕುವ ಕೆಲಸವನ್ನು ಮಾವನ ತಲೆಗೆ ಕಟ್ಟಿದರು.

ಪೂರ್ವದ ಅಂಚಿನಲ್ಲಿ ಅಮ್ಮನ ಸಸಿತೋಟ. ಅಪ್ಪ ಹೋದ ಮೇಲೆ ಅಮ್ಮ ನನ್ನನ್ನು ಓದಿಸಿದ್ದು ಅಲ್ಲಿನ ಹೂವಿನ ಸಸಿ, ಹಣ್ಣಿನ ಸಸಿ ಮಾರಿ. ಸರಿಯಾಗಿ ಅದರ ಮೇಲೆ ಒಂದು ಕೆಂಪು ಪಿನ್ನು ನಿಂತಿತ್ತು. ಮಾವನಿಗೆ ದಿಕ್ಕೇ ತೋಚಲಿಲ್ಲ. ಕಚೇರಿಯಿಂದ ನೇರ ನಮ್ಮ ಮನೆಗೆ ಬಂದ. ಚುಚ್ಚಿದ್ದು ನೀನೇನಾ, ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು ಚಪ್ಪಲಿ ಬಿಡುವ ಮೊದಲೇ ಕೇಳಿದ. ತಾನೇ ಎಂದಳು ಅಮ್ಮ. ಅವಳು ಹೋದಾಗ ಕುರ್ಚಿಯಲ್ಲಿ ಯಾರೂ ಇರಲಿಲ್ಲವಂತೆ, ಎಲ್ಲ ಊಟಕ್ಕೆ ಎದ್ದಿದ್ದರಂತೆ.

"ಹಾಗಾದ್ರೆ ಬೇಕು ಅಂತಲೋ ಬೇಡ ಅಂತಲೋ, ಏನಂತ ಬರ್ಕೊಳ್ಲಿ ಅಕ್ಕಾ?"

"ಎರಡೂ ಅಲ್ಲ ಕಣೋ. ನಿನ್ನ ನಕ್ಷೇಲಿ ನನ್ನ ತೋಟ ಬರೀ ಬಿಳಿ ಇತ್ತು. ಇಲ್ಲೂ ಒಬ್ಬಳಿದ್ದಾಳೆ ಅಂತ ಚುಚ್ಚಿದೆ."

ಕಟ್ಟಡವಿಲ್ಲದ ಕಡೆಯೆಲ್ಲ ಬಿಳಿ ಬಿಟ್ಟು 'ಖಾಲಿ ಜಾಗ' ಎಂದು ಬರೆಯುವುದು ಮಾವನ ಕಚೇರಿಯ ಪದ್ಧತಿ. ರಜೆಯಲ್ಲೆಲ್ಲ ತಾನೇ ನೀರು ಹಾಕಿದ ತೋಟಕ್ಕೂ ಅವನು ಕೈಯಾರೆ ಹಾಗೇ ಬರೆದಿದ್ದ. ನನಗೆ ಮೈಯೆಲ್ಲ ಉರಿಯಿತು. ಅವನ ಮುಖ ನೋಡಿದ ಮೇಲೆ ಬೈಯಲು ಮನಸ್ಸಾಗಲಿಲ್ಲ.

ಪಿನ್ನುಗಳ ಲೆಕ್ಕ ಯಾರಿಗೂ ಬಗೆಹರಿಯದೆ ಎಲ್ಲವನ್ನೂ ಕಿತ್ತು, ಮತ್ತೊಮ್ಮೆ ಜನರನ್ನು ಕರೆದರು. ಈ ಸಲ ಕೆಂಪೆಂದರೆ ಬೇಡ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಅಮ್ಮನ ಜೊತೆ ನಾನೂ ಹೋದೆ. ನಕ್ಷೆ ಹೊಸದು. ನಮ್ಮ ತೋಟವಿದ್ದಲ್ಲಿ ಸಣ್ಣ ಪೆನ್ನಿನಲ್ಲಿ ಸಸಿಗಳ ಸಾಲು, ನೀರಿನ ತೊಟ್ಟಿ, ಅಮ್ಮ ಕೂತು ಕುಂಡಕ್ಕೆ ಮಣ್ಣು ತುಂಬುವ ಚಪ್ಪರ.

ಅಮ್ಮ ಕೆಂಪು ಪಿನ್ನು ಎತ್ತಿಕೊಂಡಳು. ಎತ್ತಿದ ಕೈ ಹಾಗೇ ನಿಂತಿತು. ಹಿಂದಿನವರು ಗೊಣಗತೊಡಗಿದರು. ಚುಚ್ಚಮ್ಮ ಎಂದು ನಾನು ಮೊಣಕೈ ತಿವಿದೆ.

"ಇಲ್ಲಿ ಬೇಡ ಅಂದ್ರೆ ನಿನ್ನ ಮಾವನಿಗೆ ಮನೆ ಇಲ್ಲ. ಬೇಕು ಅಂದ್ರೆ ನಮಗೆ ತೋಟ ಇಲ್ಲ. ನೀನೇ ಹೇಳು, ಏನು ಮಾಡ್ಲಿ?"

ಪಶ್ಚಿಮಕ್ಕೆ ಆಗಲಿ ಬಿಡು ಎನ್ನಲು ಹೊರಟು ನಕ್ಷೆಯ ಆ ಬದಿ ನೋಡಿದೆ. ಹೋದ ಸಲ ಆ ಕಡೆಯೂ ಬರೀ ಬಿಳಿ ಇತ್ತು. ಈ ಸಲ ಅಲ್ಲಿ ಮಾವ ಒಂದು ಇಟ್ಟಿಗೆ ಗೂಡು, ಒಂದು ಕುರಿದೊಡ್ಡಿ, ಯಾರದೋ ಬಾವಿ, ಬಾವಿಯ ಪಕ್ಕ ಬಟ್ಟೆ ಒಣಹಾಕುವ ತಂತಿಯನ್ನೂ ಬರೆದಿದ್ದ. ಪಿನ್ನು ಅಮ್ಮನ ಕೈಯಲ್ಲೇ ಇತ್ತು.