ಅರ್ಧ ಗಂಟೆಯ ಪಾಠ

ಉಸ್ತಾದರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ತಪ್ಪು ಓದಿದ್ದಕ್ಕೆ ಅವರ ಗುರು ಬೆತ್ತದಿಂದ ಹೊಡೆದ ಗುರುತು ಅದು. ಆ ಬೆರಳನ್ನೇ ಅಕ್ಷರಗಳ ಕೆಳಗೆ ಸರಿಸುತ್ತ ಅವರು ನಮಗೆ ಕುರಾನ್ ಓದಲು ಕಲಿಸಿದರು. ಅವರ ಕೋಣೆಯಲ್ಲಿ ಬೆತ್ತವೇ ಇರಲಿಲ್ಲ.

ಕುರಾನ್ ಕಲಿಸುವ ನಮ್ಮ ಮಕ್ತಬ್ ಇದ್ದದ್ದು ಪುಣೆಯ ಮಗರಪಟ್ಟಾದ ಹಿಂದಿನ ಗಲ್ಲಿಯಲ್ಲಿ, ಮಸೀದಿಯ ಮೇಲಿನ ಮಹಡಿಯಲ್ಲಿ. ಉಸ್ತಾದರೂ ನಮ್ಮ ಮನೆಯವರಂತೆ ವಿಜಯಪುರದ ಕಡೆಯವರು. ಹಾಗಾಗಿ ನನ್ನೊಡನೆ ಕನ್ನಡದಲ್ಲೇ ಮಾತು. ಬಾಯಿಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, ಅರ್ಧ ಗಂಟೆ ಸೂಫಿಗಳು ಹೇಳಿದ ತಾಳ್ಮೆ, ಕ್ಷಮೆಗಳ ಪಾಠ ಮಾಡುತ್ತಿದ್ದರು. ಹೇಳುವುದಕ್ಕಿಂತ ಮಾಡಿಸುವುದೇ ಹೆಚ್ಚು. ಒಮ್ಮೆ ತೊದಲುವ ಹುಡುಗಿಯೊಬ್ಬಳನ್ನು ನಾನು ಅಣಕಿಸಿದೆ. ಅವರು ಗದರಲಿಲ್ಲ. ಒಂದು ವಾರ ಅವಳ ಪಕ್ಕ ಕೂರಿಸಿ, ಅವಳು ಓದಿ ಮುಗಿಸುವವರೆಗೆ ಕಾಯುವುದೇ ನನ್ನ ಪಾಠ ಎಂದರು. ನಾಲ್ಕನೆಯ ದಿನಕ್ಕೆ ಅವಳ ತೊದಲು ನನ್ನ ಕಿವಿಗೆ ಬೀಳುವುದು ನಿಂತಿತು. ಓದು ಮಾತ್ರ ಕೇಳಿಸಿತು.

ದೊಡ್ಡವಳಾದ ಮೇಲೆ ಅಲ್ಲಿಯೇ ಚಿಕ್ಕ ಹುಡುಗಿಯರಿಗೆ ಕಲಿಸುವ ಕೆಲಸ ನನಗೆ ಸಿಕ್ಕಿತು. ಅಷ್ಟರಲ್ಲಿ ಮಸೀದಿಗೆ ಹೊಸ ಕಮಿಟಿ ಬಂದಿತ್ತು. ಬೇರೆ ಕಡೆಯ ಮಕ್ಕಳು ಬೇಗ ಬಾಯಿಪಾಠ ಮುಗಿಸುತ್ತಾರೆ, ಇಲ್ಲಿ ಸೂಫಿಗಳ ಮಾತು ಯಾಕೆ ಎಂದು ಕೆಲವರು ತಕರಾರು ತೆಗೆದರು. ಸಭೆಗೆ ನನ್ನನ್ನು ಕರೆದು, ಆ ಅರ್ಧ ಗಂಟೆಯಿಂದ ಮಕ್ಕಳು ಹಿಂದೆ ಬೀಳುತ್ತಾರೋ ಇಲ್ಲವೋ ಅಷ್ಟೇ ಹೇಳು ಎಂದರು. ಆ ಪಾಠದ ಪರವಾಗಿ ಬಹಳ ಹೇಳಬೇಕೆಂದು ಹೋಗಿದ್ದೆ. ಉಸ್ತಾದರು ಎದುರಿಗೇ ಕೂತಿದ್ದರು. ನನ್ನ ಕೆಲಸವೂ ಹೋದೀತೆಂದು ಹೆದರಿ, ಬೀಳುತ್ತಾರೆ ಎಂದೆ. ಬಾಯಿಪಾಠವಷ್ಟನ್ನೇ ನೋಡಿದರೆ ಅದು ನಿಜವೂ ಹೌದು. ಆ ಪಾಠ ನಿಂತಿತು. ಮುಂದಿನ ತಿಂಗಳು ಉಸ್ತಾದರಿಗೆ, ವಯಸ್ಸಾಯಿತು, ಆರಾಮ ಮಾಡಿ ಎಂದು ಹೇಳಿ ಕಳಿಸಿದರು.

ಹೊರಟ ದಿನ ಮೆಟ್ಟಿಲ ಬಳಿ ನನ್ನನ್ನು ಕಂಡು ನಿಂತರು. "ನೀ ಸುಳ್ಳು ಹೇಳಿಲ್ಲ ಬೇಟಾ. ಮನಸಿಗೆ ಹಚ್ಕೋಬ್ಯಾಡ," ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಇಂದಾಪುರದ ಮಗಳ ಮನೆಯಲ್ಲಿ ಅವರು ಎರಡು ವರ್ಷ ಇದ್ದರು. ನಾನು ಒಮ್ಮೆಯೂ ಹೋಗಲಿಲ್ಲ. ತೀರಿಕೊಂಡ ಸುದ್ದಿ ಬಂದಾಗ ಎಸ್‌ಟಿ ಬಸ್ಸು ಹಿಡಿದು ಹೋದೆ; ದಫನ್ ಮುಗಿದಿತ್ತು. ಮಗಳು ನನ್ನನ್ನು ಒಳಗೆ ಕೂರಿಸಿದಳು.

"ಇಲ್ಲಿ ಬಂದಮ್ಯಾಲೆ ಅಬ್ಬಾ ಯಾರಿಗೂ ಒಂದಕ್ಷರ ಹೇಳಿಕೊಡಲಿಲ್ರಿ," ಎಂದಳು. "ನನ್ನ ಮಗಳು ಭಾಳ ಕಾಡ್ತಿದ್ಲು. 'ನನ್ನ ಹತ್ರ ಬ್ಯಾಡ, ಹಿಂದ ಬೀಳ್ತಿ, ಬ್ಯಾರೆಯವರ ಹತ್ರ ಕಲಿ' ಅಂತಿದ್ರು. ಯಾಕಂತ ನಮಗ ತಿಳೀಲೇ ಇಲ್ರಿ."

ನನಗೆ ತಿಳಿದಿತ್ತು. ಅವಳು ಕೊಟ್ಟ ಚಹಾ ಕುಡಿದು ಪುಣೆಗೆ ವಾಪಸಾದೆ. ಮರುದಿನ ಆ ಅರ್ಧ ಗಂಟೆಯಿಲ್ಲದ ಹೊಸ ಪಠ್ಯದಂತೆಯೇ ಪಾಠ ಮಾಡಿದೆ. ಈಗಲೂ ಮಾಡುತ್ತಿದ್ದೇನೆ.