ನಾಲ್ಕಕ್ಕೆ ಹಾಸಿಗೆ, ಒಂದಕ್ಕೆ ಅಡುಗೆಮನೆ

ಅತ್ತೆ ಬಟ್ಟೆ ಗಿರಣಿಯಲ್ಲಿ ತಪ್ಪು ಹುಡುಕುವ ಕೆಲಸ ಮಾಡಿ ನಿವೃತ್ತಿಯಾದವರು. ಸಂಬಳ ನಿಂತಿತು, ಕೆಲಸ ನಿಲ್ಲಲಿಲ್ಲ. ಗಿರಣಿಯಲ್ಲಿ ದೀಪದ ಮೇಜಿನ ಮೇಲೆ ಬಟ್ಟೆ ಉರುಳಿ ಬರುತ್ತಿತ್ತು. ಚಿಕ್ಕ ತಪ್ಪಿಗೆ ಒಂದು ಅಂಕ, ದೊಡ್ಡದಕ್ಕೆ ನಾಲ್ಕು. ಅವರು ಹಾಕಿದ ಅಂಕದ ಮೇಲೆ ಮ್ಯಾನೇಜರೂ ಮಾತಾಡುತ್ತಿರಲಿಲ್ಲ.

ಸೊಸೆಯರಿಬ್ಬರಿಗೂ ಒಂದೇ ಕಾಯಿಲೆ ಎಂದು ಗೊತ್ತಾಯಿತು. ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲೋ ಬೆಳೆದುಕೊಳ್ಳುವುದು. ಹಿರಿಯವಳು ಮಕ್ಕಳಾಗಲಿಲ್ಲವೆಂದು ತೋರಿಸಲು ಹೋದವಳು. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ ನಾಲ್ಕನೇ ಹಂತ ಎಂದರು. ಕಿರಿಯವಳು ತಿಂಗಳು ತಿಂಗಳೂ ನೋವಿಗೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದವಳು. ಅವಳದು ಒಂದನೇ ಹಂತ.

ಅತ್ತೆಗೆ ಲೆಕ್ಕ ಸಲೀಸಾಯಿತು. ನಾಲ್ಕಕ್ಕೆ ಹಾಸಿಗೆ, ಒಂದಕ್ಕೆ ಅಡುಗೆಮನೆ.

“ನಿಮ್ಮಕ್ಕ ನಾಲ್ಕು ಇಟ್ಕೊಂಡು ಹಲ್ಲು ಕಚ್ಚಿ ಮಲಗಿದಾಳೆ. ನೀನು ಒಂದಕ್ಕೇ ಮನೆನ ತಲೆ ಮೇಲೆ ಹೊತ್ಕೊಂಡಿದ್ದೀಯಲ್ಲೇ!”

“ಹಲ್ಲು ಕಚ್ಚಿಲ್ಲ ಅತ್ತೆ, ನಂಗೆ ನೋವೇ ಇಲ್ಲ,” ಎಂದಳು ಹಿರಿಯವಳು ಹಾಸಿಗೆಯಿಂದಲೇ.

“ನೋಡಿದ್ಯಾ, ಎಂಥಾ ತಾಳ್ಮೆ!”

ಕಿರಿಯವಳು ಮತ್ತೆ ಆಸ್ಪತ್ರೆಗೆ ಹೋಗುವ ದಿನ ಬಂದಾಗ ಅತ್ತೆ ಬೇಡವೆಂದರು. ಒಂದಕ್ಕೆಲ್ಲ ಯಾರು ಮಾತ್ರೆ ನುಂಗುತ್ತಾರೆ? ಅವಳೂ ಹೌದೆಂದುಕೊಂಡಳು. ಅಷ್ಟು ಅನುಭವಸ್ಥರು ಹೇಳುವಾಗ ತನ್ನ ಹೊಟ್ಟೆಯೇ ಸುಳ್ಳು ಹೇಳುತ್ತಿರಬೇಕು.

ಅದೇ ವಾರ ಪಾತ್ರೆ ತೊಳೆಯುತ್ತಾ ಕುಸಿದು ಬಿದ್ದಳು. ಹಿರಿಯವಳು ಹಾಸಿಗೆಯಿಂದ ಜಿಗಿದು ಬಂದು, ಅವಳನ್ನು ಎತ್ತಿಕೊಂಡು ಬೀದಿಯ ತುದಿಯ ಬಾಡಿಗೆ ಗಾಡಿಯವರೆಗೂ ನಡೆದಳು. “ನಿಧಾನ ಕಣೇ, ನಿಂದು ನಾಲ್ಕು!” ಎನ್ನುತ್ತಾ ಅತ್ತೆ ಚೀಲ ಹಿಡಿದು ಹಿಂದೆ ಓಡಿದರು.

ಸೂಜಿಮದ್ದು ಕೊಟ್ಟ ಮೇಲೆ ಡಾಕ್ಟರಮ್ಮ ಹೇಳಿದರು: “ಎಲ್ಲೆಲ್ಲಿ ಬೆಳೆದಿದೆ, ಎಷ್ಟು ಆಳಕ್ಕೆ ಇಳಿದಿದೆ, ಯಾವುದು ಯಾವುದಕ್ಕೆ ಅಂಟ್ಕೊಂಡಿದೆ ಅಂತ ನೋಡಿ ಅಂಕ ಹಾಕ್ತೀವಮ್ಮ. ಕೂಡಿದ್ರೆ ಹಂತ. ನೋವು ಆ ಲೆಕ್ಕದಲ್ಲಿ ಇಲ್ವೇ ಇಲ್ಲ. ಒಂದರಲ್ಲಿ ಪ್ರಾಣ ಹಿಂಡಬಹುದು, ನಾಲ್ಕರಲ್ಲಿ ಗೊತ್ತೇ ಆಗದೆ ಇರಬಹುದು. ಔಷಧಿ ಇಬ್ಬರಿಗೂ ಬೇಕು.”

“ಮತ್ತೆ ನೋವಿಗೆ ಅಂಕ ಹಾಕೋರು ಯಾರು?” ಎಂದರು ಅತ್ತೆ.

“ನೋವಿರೋರೇ ಹೇಳ್ಬೇಕು.”

ಅತ್ತೆಗೆ ಇದು ಒಗ್ಗಲಿಲ್ಲ. ತನ್ನ ತೂತು ಎಷ್ಟು ದೊಡ್ಡದೆಂದು ಬಟ್ಟೆಯನ್ನೇ ಕೇಳುವ ಗಿರಣಿಯನ್ನು ಅವರು ಕಂಡಿರಲಿಲ್ಲ. ಆದರೂ ಕಿರಿಯವಳ ಮಂಚದ ಪಕ್ಕ ಕೂತು ಕೇಳಿದರು:

“ಎಷ್ಟಿತ್ತೇ?”

“ತುಂಬಾ ಅತ್ತೆ.”

“ಹಿಂದೆಲ್ಲಾನೂ ಹೀಗೇನಾ?”

“ಹೀಗೇ.”

ಅತ್ತೆ ಮನೆಗೆ ಬಂದು ಹಾಸಿಗೆಗೆ ಬೇರೆ ಹಾಸುಬಟ್ಟೆ ಹಾಕಿ ಕಿರಿಯವಳನ್ನು ಮಲಗಿಸಿದರು. ಹಿರಿಯವಳು ಪೊರಕೆ ಕೈಗೆತ್ತಿಕೊಂಡು, “ಅಬ್ಬಾ, ಬದುಕಿದೆ. ಬೆನ್ನು ಮರಗಟ್ಟಿತ್ತು,” ಎಂದಳು.

ಮುಂದಿನ ತಿಂಗಳಿಂದ ಅತ್ತೆ ಸೌಟು ಹಿಡಿದುಕೊಂಡೇ ಕಿರಿಯವಳ ಕೋಣೆಯ ಬಾಗಿಲಿಗೆ ಬಂದು ಕೇಳತೊಡಗಿದರು.

“ಇವತ್ತು ಹೇಗಿದೆ?”

“ಪರವಾಗಿಲ್ಲ ಅತ್ತೆ, ಎದ್ದು ಬರ್ತೀನಿ.”

“ಅವಸರದಲ್ಲಿ ಹೇಳ್ಬೇಡ. ಸರಿಯಾಗಿ ನೋಡ್ಕೊಂಡು ಹೇಳು.”