ಕಾಯಿಸದ ತಮಟೆ

ಹೋದ ವಾರ ನಮ್ಮ ಮಾಲಿ ಒಣಹುಲ್ಲು, ಎಲೆ ಎಲ್ಲ ಗುಡ್ಡೆ ಹಾಕಿ ಬೆಂಕಿ ಇಟ್ಟ. ಅದರಲ್ಲಿ ಯಾರದೋ ಹರಿದ ಚರ್ಮದ ಚಪ್ಪಲಿಯೂ ಸೇರಿಕೊಂಡಿತ್ತು. ಹುಲ್ಲಿನ ಹೊಗೆ, ಬಿಸಿಯಾದ ಚರ್ಮ, ಎರಡೂ ಬೆರೆತ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಸ್ಕಂದಗಿರಿ ಕಾಣಲಿ ಅಂತಲೇ ಇಲ್ಲಿ ಜಾಗ ಕೊಂಡು ಕಟ್ಟಿಸಿದ ಮನೆ ಇದು. ಕೆಳಗೆ ಸ್ಟುಡಿಯೋ, ಮೇಲೆ ವಾಸ, ಮುಂದೆ ಎರಡು ಕಾರು. ಬೆಟ್ಟ ಹತ್ತಲು ಬರುವ ಹುಡುಗರು ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕನ್ನಡ ರ‍್ಯಾಪ್ ಹಾಡುಗಳಿಗೆ ಬೀಟ್ ಮಾಡಿಕೊಟ್ಟು ಒಬ್ಬ ಮನುಷ್ಯ ಇಷ್ಟು ಸಂಪಾದಿಸಬಹುದಾ ಅಂತ ಅವರಿಗೆ ಆಶ್ಚರ್ಯ. ಆ ವಾಸನೆ ಮೂಗಿಗೆ ಬಡಿದಾಗ, ಈ ಮನೆ ಯಾರ ಕೈಯಿಂದ ಎದ್ದದ್ದು ಅಂತ ನನಗೆ ನೆನಪಾಯಿತು.

ನಮ್ಮೂರು ಚಿಂತಾಮಣಿಯ ಹತ್ತಿರ, ಅಂಬಾಜಿದುರ್ಗದ ಬುಡದಲ್ಲಿ. ಊರಿಗೆ ತಮಟೆ ಬಾರಿಸುತ್ತಿದ್ದವನನ್ನು ನಾವೆಲ್ಲ ತಾತ ಅಂತ ಕರೆಯುತ್ತಿದ್ದೆವು. ಕರೆಯುವುದೇನೋ ತಾತ, ಆದರೆ ನಮ್ಮ ಜಗಲಿ ಹತ್ತಿಸುತ್ತಿರಲಿಲ್ಲ. ಅವನಿಗೆ ಕಾಫಿ ಕೊಡುವ ಲೋಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಮದುವೆ, ದೇವರು, ಸಾವು, ಮೂರಕ್ಕೂ ಅವನು ಬೇಕು. ಮುಗಿದ ಮೇಲೆ ಅವನ ಪಾಡಿಗೆ ಅವನು.

ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ಬಾರಿಸಬಾರದು. ಕಾವಿಗೆ ಚರ್ಮ ಬಿಗಿದುಕೊಂಡಾಗಲೇ ಅದರ ಸದ್ದು ಕಣಕಣ ಅನ್ನುವುದು. ಆರಿದರೆ ಸಡಿಲ, ಗೋಣಿಚೀಲಕ್ಕೆ ಹೊಡೆದ ಹಾಗೆ. ತಾತ ನಾಲ್ಕು ಹಿಡಿ ಹುಲ್ಲಿಗೆ ಬೆಂಕಿ ಕೊಟ್ಟು, ತಮಟೆಯನ್ನು ಉರಿಯ ಮೇಲೆ ನಿಧಾನಕ್ಕೆ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದ. ನನ್ನ ಚಿಕ್ಕಪ್ಪನ ಮದುವೆಯಲ್ಲಿ ಮೆರವಣಿಗೆಯನ್ನೇ ನಿಲ್ಲಿಸಿ ಬೀದಿಯಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದ. ಹೆಣ್ಣಿನ ಕಡೆಯವರು ರೇಗಾಡಿದರು. ತಾತ ತಲೆಯೆತ್ತಲಿಲ್ಲ.

"ಕಾವು ಬರ್ಲಿ ನಾಯನಾ, ಮದ್ವೆ ಎಲ್ಲೋಗ್ತದೆ?" ಅಂದ. ಅವನಿಗೆ ಎದುರಿಗಿದ್ದವರೆಲ್ಲ ನಾಯನಾ, ನಮ್ಮ ಕಡೆಯ ತೆಲುಗಿನ ಮುದ್ದಿನ ಮಾತು.

ನಾನು ಆಗ ಚಿಂತಾಮಣಿಯಲ್ಲಿ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮನೆಯವರ ನಂಬಿಕೆ. ಹಳೆಯ ಕಂಪ್ಯೂಟರಿನಲ್ಲಿ ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ಹಗಲೆಲ್ಲ ಬೀಟ್ ಕೂಡಿಸುತ್ತಿದ್ದೆ. ಬೆಂಗಳೂರಿನ ರ‍್ಯಾಪ್ ಹುಡುಗರಿಗೆ ಕಳಿಸಿದರೆ, ಎಲ್ಲ ಅಮೆರಿಕದ್ದೇ ಇದೆಯಲ್ಲ ಗುರು, ನಿಮ್ಮೂರಿಂದು ಏನೂ ಇಲ್ವಾ ಅಂತ ನಕ್ಕರು. ನಮ್ಮೂರಿನದು ಅಂದರೆ ನನಗೆ ಹೊಳೆದದ್ದು ತಾತನ ತಮಟೆ ಒಂದೇ. ಇದ್ದ ದುಡ್ಡಿನಲ್ಲಿ ಎರಡು ಗಂಟೆಗೆ ಒಂದು ಸ್ಟುಡಿಯೋ ಹಿಡಿದು, ತಾತನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಊರ ಕೈಮರದ ಬಸ್ ಸ್ಟಾಪಿನಿಂದ ಬೆಂಗಳೂರಿನವರೆಗೂ ತಮಟೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ.

ಅವತ್ತು ಬೆಳಗಿನಿಂದ ಜಿಟಿಜಿಟಿ ಮಳೆ. ಸ್ಟುಡಿಯೋ ಮೂರನೇ ಮಹಡಿಯಲ್ಲಿ, ಒಳಗೆ ಎ.ಸಿ. ತಣ್ಣಗೆ ಕೊರೆಯುತ್ತಿತ್ತು. ಬೆಂಕಿ ಹಾಕಬೇಕು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದನ್ನು ಮರೆತು ಬರುವ ಪೆದ್ದ ನಾನೊಬ್ಬನೇ ಇರಬೇಕು. ಕೆಳಗೆ ಕಾರು ನಿಲ್ಲಿಸುವ ಕಡೆ ಹೋಗಿ ಹಳೆಯ ಪೇಪರಿಗೆ ಕಡ್ಡಿ ಗೀರಿದೆವು. ಸೆಕ್ಯೂರಿಟಿಯವನು ಬೈದು ಆರಿಸಿದ. ಬಂದಷ್ಟು ಕಾವು ಮೇಲೆ ಹತ್ತಿ ಬರುವಷ್ಟರಲ್ಲಿ ಹೋಗಿಬಿಟ್ಟಿತ್ತು. ತಾತ ಸೋಫಾದ ಮೇಲೆ ಕೂರದೆ ನೆಲದಲ್ಲಿ ಕೂತು ಒಂದು ಸಲ ತಟ್ಟಿದ. ಧುಪ್ ಅಂತು.

"ಸತ್ತೋಗ್ಯದೆ ಇದು. ನಾಳಿಕ್ ಬರಣ ನಾಯನಾ," ಅಂದ.

ಗಂಟೆ ಓಡುತ್ತಿತ್ತು. "ಸುಮ್ನೆ ಬಾರ್ಸು ತಾತ, ಕಂಪ್ಯೂಟರಲ್ಲಿ ಸರಿ ಮಾಡ್ಕೊಳ್ತೀನಿ," ಅಂತ ಗದರಿದೆ. ನಮ್ಮ ಮನೆಯ ದನಿ ನನ್ನ ಬಾಯಲ್ಲಿ ಬಂದದ್ದು ನನಗೇ ಕೇಳಿಸಿತು. ತಾತ ಬಾರಿಸಿದ. ಒಂದೊಂದೇ ಪೆಟ್ಟು, ನಾನು ಹೇಳಿದ ಹಾಗೆ, ದಪ್ಪ ಕಡ್ಡಿಯಲ್ಲಿ, ಸಣ್ಣ ಕಡ್ಡಿಯಲ್ಲಿ... ಮುಗಿದ ಮೇಲೆ ತಮಟೆಯನ್ನು ಕಂಬಳಿಗೆ ಸುತ್ತುತ್ತ ಹೇಳಿದ: "ಹೆಣದ್ ಮುಂದೇನೂ ನಾನು ಕಾಯಿಸ್ದೆ ಬಾರ್ಸಿಲ್ಲ ಕಣಪ್ಪ. ಇದ್ನ ಇಟ್ಕೋಬ್ಯಾಡ, ಅಳಿಸ್ಬುಡು. ಊರ್ಗೆ ಬಾ, ಬೆಂಕಿ ಹಾಕಿ ಬಾರ್ಸ್ ಕೊಡ್ತೀನಿ."

ಅಳಿಸ್ತೀನಿ ತಾತ ಅಂದೆ. ಮಾತು ಕೊಟ್ಟೆ.

ಅಳಿಸಲಿಲ್ಲ. ಆ ಸಡಿಲ ಸದ್ದನ್ನು ಸ್ವಲ್ಪ ಏರಿಸಿ, ಕೆಳಗೆ ಬಾಸ್ ತುಂಬಿದೆ. ಎಷ್ಟು ತಿದ್ದಿದರೂ ಕೊನೆಯಲ್ಲಿ ಆ ಧುಪ್ ಉಳಿದೇ ಉಳಿಯಿತು, ಜನಕ್ಕೆ ಹಿಡಿಸಿದ್ದೂ ಅದೇ. ಮೊದಲ ಹಾಡು ಕಾಲೇಜು ಕಾಲೇಜು ಸುತ್ತಿತು, ಮೂರನೆಯದಕ್ಕೆ ಸಿನಿಮಾದವರು ಬಂದರು. ಸಂದರ್ಶನಗಳಲ್ಲಿ ಕೇಳಿದಾಗಲೆಲ್ಲ, ನಮ್ಮ ಮಣ್ಣಿನ ಸದ್ದು ಅನ್ನುತ್ತಿದ್ದೆ. ಊರಿನಲ್ಲಿ ಒಬ್ಬ ಹಿರಿಯ ಕಲಾವಿದರಿದ್ದಾರೆ, ಅವರೇ ನನ್ನ ಗುರುಗಳು ಅಂತ ಬಹುವಚನದಲ್ಲಿ ಹೇಳುತ್ತಿದ್ದೆ. ಬಹುವಚನಕ್ಕೇನು ಖರ್ಚು? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಾನು ಕಪ್ಪು ಕನ್ನಡಕ ಹಾಕಿಕೊಂಡು ಕತ್ತಲೆಯ ವೇದಿಕೆಯ ಮೇಲೆ ನಿಲ್ಲುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಆಮೇಲೆ ಇನ್ನೊಂದು ಘನಕಾರ್ಯ ಮಾಡಿದೆ. ತಾತನ ಪೆಟ್ಟುಗಳನ್ನೆಲ್ಲ ಬಿಡಿಬಿಡಿಯಾಗಿ ಕತ್ತರಿಸಿ, ಒಂದು ಕಿಟ್ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ. ಅದನ್ನು ಇಳಿಸಿಕೊಂಡು ಎಲೆಕ್ಟ್ರಾನಿಕ್ ಪ್ಯಾಡಿಗೆ ತುಂಬಿ ಗುಂಡಿ ಒತ್ತಿದರೆ ತಮಟೆ. ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲಿ ಮೆರವಣಿಗೆಯಾದರೂ ಟೆಂಪೊ ಮೇಲೆ ಸ್ಪೀಕರು, ಜನರೇಟರು, ಪ್ಯಾಡ್ ಒತ್ತುವವನೊಬ್ಬ. ಹತ್ತು ಜನ ತಮಟೆಯವರನ್ನು ಕರೆಸಿ, ಊಟ ಹಾಕಿ, ದಾರಿಯಲ್ಲಿ ತಮಟೆ ಕಾಯಿಸುವವರೆಗೂ ಕಾಯುವ ತಾಪತ್ರಯ ಯಾರಿಗೆ ಬೇಕು? ತಾತನಿಗೆ ಕರೆ ಬರುವುದು ನಿಂತಿತು.

ಒಮ್ಮೆ ಊರಿಗೆ ಹೋದಾಗ ಅವನೇ ಕಾರಿನ ಹತ್ತಿರ ಬಂದ. ಕೋಪದಿಂದಲ್ಲ, ನಾಚಿಕೆಯಿಂದ ಬಂದ ಹಾಗೆ ಬಂದ. "ನಾಯನಾ, ಅವತ್ತಿಂದು ಅಳಿಸ್ತೀನಿ ಅಂದಿದ್ಯಲ್ಲ? ಚಿಂತಾಮಣಿ ಬಸ್ ಸ್ಟ್ಯಾಂಡಲ್ಲಿ ಕೇಳ್ದೆ. ನನ್ ಕೈಯೇ ಅದು, ಆದ್ರೆ ಸತ್ತ ಚರ್ಮ. ಕೇಳ್ದೋರು ಏನಂದ್ಕೊಂತಾರೆ?"

ಜೇಬಿಗೆ ಕೈ ಹಾಕಿ ಸಿಕ್ಕಷ್ಟು ಕೊಟ್ಟೆ. ಇಸಕೊಂಡ. ಆದರೆ ಹೋಗಲಿಲ್ಲ. "ಯಾವಾಗ್ ಬರ್ತೀಯ ಹೇಳು, ಹುಲ್ಲು ತೆಗ್ದಿಟ್ಟಿರ್ತೀನಿ. ಸರಿಯಾಗಿ ಒಂದ್ಸಲ ಬಾರ್ಸ್ ಬುಡ್ತೀನಿ," ಅಂದ. ಬರೋ ತಿಂಗಳು ಬರ್ತೀನಿ ತಾತ ಅಂದು ಗಾಜು ಏರಿಸಿದೆ. ಆ ಬರೋ ತಿಂಗಳು ಬರಲೇ ಇಲ್ಲ... ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಅವನು ಹೋದ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಹೆಣ ಎತ್ತಲು ಸಿದ್ಧವಾಗಿತ್ತು. ಜೊತೆಗೆ ಬಾರಿಸುತ್ತಿದ್ದವರಲ್ಲಿ ಇಬ್ಬರು ತೀರಿಕೊಂಡಿದ್ದರು, ಉಳಿದವರು ತಮಟೆ ಬಿಟ್ಟು ಬೇರೆ ಕೆಲಸ ಹಿಡಿದಿದ್ದರು. ಊರಿನ ಎಲ್ಲರ ಹೆಣದ ಮುಂದೆ ಬಾರಿಸಿದವನ ಹೆಣಕ್ಕೆ ತಮಟೆ ಇಲ್ಲ. ಮಗ ಪಕ್ಕದ ಊರಿನಿಂದ ಲಗೇಜ್ ಆಟೊದಲ್ಲಿ ಸ್ಪೀಕರು ತರಿಸಿದ್ದ. ಪ್ಯಾಡಿನವನು ಗುಂಡಿ ಒತ್ತಿದ.

ಧುಪ್.

ಪ್ಯಾಡಿನವನು ನನ್ನನ್ನು ಗುರುತು ಹಿಡಿದು, "ಅಣ್ಣಾ, ನಿಮ್ದೇ ಕಿಟ್ಟು!" ಅಂತ ಹಲ್ಲು ಕಿರಿದ. ಪಕ್ಕದಲ್ಲಿ ಅಜ್ಜಿ, ತಾತನ ಹೆಂಡತಿ, ಸೊಸೆಯ ಹೆಗಲು ಹಿಡಿದು ನಿಂತಿದ್ದಳು. ಎರಡು ಪೆಟ್ಟು ಕೇಳಿ ಸ್ಪೀಕರಿನ ಕಡೆ ತಿರುಗಿದಳು.

"ಯಾವನವ್ವ ಇವ್ನು, ಕಾಯಿಸ್ದೆ ಬಾರಿಸ್ತಾವ್ನೆ? ನಮ್ಮೋರು ಇದ್ದಿದ್ರೆ ಕೈಲಿರೋ ಕಡ್ಡಿ ಕಿತ್ಕೊಂಡಿರೋರು."

ಅದು ನಿಮ್ಮೋರ ಕೈಯೇ ಅಜ್ಜಿ ಅಂತ ಹೇಳುವ ಎದೆ ನನಗಿರಲಿಲ್ಲ. ನಿಲ್ಲಿಸು ಅಂತ ಪ್ಯಾಡಿನವನಿಗೆ ಹೇಳುವುದಕ್ಕೂ ಬಾಯಿ ಬರಲಿಲ್ಲ. ನಿಲ್ಲಿಸಿದರೆ ಸದ್ದೇ ಇಲ್ಲದೆ ಹೋಗಬೇಕಿತ್ತು ತಾತ. ಅವನ ಸಡಿಲ ಪೆಟ್ಟಿನ ಹಿಂದೆ ಅವನ ಹೆಣ, ಹೆಣದ ಹಿಂದೆ ನಾನು, ಹೂಳುವ ಗುಂಡಿಯವರೆಗೂ ನಡೆದೆವು.

ಹೋದ ವಾರ ಆ ಹೊಗೆಯಲ್ಲಿ ಹೋಗಿ ನಿಂತೆ. ಒಳ್ಳೆಯ ಬೆಂಕಿ, ತಮಟೆ ಕಾಯಿಸಲು ಹೇಳಿಮಾಡಿಸಿದಂಥದ್ದು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ನನ್ನ ಕಂಪ್ಯೂಟರಿನಿಂದ ಅಳಿಸಬಹುದು, ಆದರೆ ಊರೂರಿನ ಪ್ಯಾಡುಗಳಿಂದ ಅಳಿಸುವವರು ಯಾರು? ಅವನು ಸರಿಯಾಗಿ ಬಾರಿಸಿದ ಒಂದೇ ಒಂದು ಪೆಟ್ಟೂ ಎಲ್ಲೂ ಉಳಿದಿಲ್ಲ. ಅದನ್ನು ಹಿಡಿದಿಡಬೇಕಾಗಿದ್ದವನು ನಾನು.

"ಇನ್ನೊಂದಿಷ್ಟು ಹುಲ್ಲಿದೆ ಸಾರ್, ಹಾಕ್ಲಾ?" ಅಂತ ಮಾಲಿ ಕೇಳಿದ.

"ಬೇಡ, ಹೊಗೆ ಸ್ಟುಡಿಯೋ ಒಳಗೆ ಬರುತ್ತೆ," ಅಂದೆ.

ಒಳಗೆ ಬಂದು ಎ.ಸಿ. ಹಾಕಿದೆ. ಸಂಜೆಯೊಳಗೆ ಒಂದು ಹಾಡು ಕಳಿಸಬೇಕಿತ್ತು, ತಮಟೆ ಇರಲೇಬೇಕು ಅಂತ ಹೇಳಿದ್ದರು. ಅದೇ ಫೈಲು ತೆಗೆದೆ.